ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್: ಎರಡು ಸಲ ಕೇಳಿ ಬಿಟ್ಟವರಿಗೆ

ಬ್ರಿಟಿಷ್ ರಾಕ್ ತಂಡ ಯೆಸ್‌ನ ಈ ಆಲ್ಬಮ್ಮನ್ನು ಎರಡು ಸಲ ಪೂರ್ತಿ ಕೇಳಿದಿರಿ. ಶ್ರುತಿ, ಸ್ಮೃತಿ ಅಂದವರ ಸಂಗೀತದಲ್ಲಿ ನಮ್ಮದೇನೂ ಸಿಗಲಿಲ್ಲ, ಹಾಗಾದರೆ ಬೈದ ವಿಮರ್ಶಕರೇ ಸರಿಯಾ ಅನ್ನುವುದು ನಿಮ್ಮ ಪ್ರಶ್ನೆ. ನಾನೂ ಸಿಕ್ಕಿಕೊಂಡಿದ್ದು ಇಲ್ಲೇ.

ನನ್ನ ತಪ್ಪು ಶುರುವಾಗಿದ್ದು ‘ಶ್ರುತಿ’ ಎಂಬ ಪದದಿಂದ. ಗಾಯಕ ಜಾನ್ ಆಂಡರ್ಸನ್ 1973ರಲ್ಲಿ ಪರಮಹಂಸ ಯೋಗಾನಂದರ ಆತ್ಮಕಥೆ ಓದುವಾಗ, ಶಾಸ್ತ್ರಗಳನ್ನು ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ನಾಲ್ಕಾಗಿ ವಿಂಗಡಿಸುವ ಅಡಿಟಿಪ್ಪಣಿಯೊಂದನ್ನು ಕಂಡರು. ಎರಡು ಎಲ್‌ಪಿ (ಗ್ರಾಮಫೋನ್ ತಟ್ಟೆ), ನಾಲ್ಕು ಮಗ್ಗುಲು, ಮಗ್ಗುಲಿಗೊಂದು ಹಾಡು ಎಂಬ ಯೋಜನೆ ಹುಟ್ಟಿದ್ದು ಅಲ್ಲಿಂದ. ಕನ್ನಡದ ಕಿವಿಗೆ ಶ್ರುತಿ ಅಂದರೆ ವೇದಕ್ಕಿಂತ ಮೊದಲು ತಂಬೂರಿ. ನಾನು ಆಧಾರ ಷಡ್ಜ ಹುಡುಕುತ್ತಾ ಕೂತೆ. ಒಂದು ಸ್ವರ ಹಿಡಿದು ಇದೇ ನೆಲೆ ಅಂದುಕೊಳ್ಳುವಷ್ಟರಲ್ಲಿ ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗಿ ನೆಲೆಯೇ ಸರಿದಿರುತ್ತಿತ್ತು. ಸರಿಯಲೇಬೇಕು, ಇದು ಪಾಶ್ಚಾತ್ಯ ಹಾರ್ಮನಿಯ ಸಂಗೀತ, ಕಾರ್ಡ್‌ಗಳು ನಡೆದಾಡುವುದರಿಂದಲೇ ಇಲ್ಲಿ ಭಾವ ಹುಟ್ಟುತ್ತದೆ. ಇದರಲ್ಲಿ ರಾಗ ಹುಡುಕುವವರಿಗೆ ಪ್ರತಿ ತಿರುವೂ ಅಪಸ್ವರದಂತೆ ಕೇಳುತ್ತದೆ. ನಾಲ್ಕು ಪದಗಳು ಬಂದಿರುವುದು ಶೀರ್ಷಿಕೆಗಳ ಮಟ್ಟಕ್ಕೆ: ಸ್ಮೃತಿ ‘ದಿ ರಿಮೆಂಬರಿಂಗ್’ ಆಯಿತು, ಪುರಾಣ ‘ದಿ ಏನ್ಶಿಯಂಟ್’, ತಂತ್ರ ‘ರಿಚುಯಲ್’. ಇಂಗ್ಲಿಷ್ ಓದುಗರಿಗೆ ಒಗಟಾಗಿದ್ದು ನಮಗೆ ಒಂದೇ ನೋಟಕ್ಕೆ ಬಿಡಿಸಿಕೊಳ್ಳುತ್ತದೆ, ನಿಜ. ಆದರೆ ಆ ಬೀಗದ ಕೈ ಸಂಗೀತದ ಬಾಗಿಲಿಗೆ ಹತ್ತುವುದಿಲ್ಲ. ಇಷ್ಟು ಗೊತ್ತಾಗುವವರೆಗೆ ಬ್ಯಾಂಡಿನ ಗಿಟಾರ್ ವಾದಕ ಸ್ಟೀವ್ ಹೌ ಅವರ ಗಿಟಾರು ನನ್ನ ಕಿವಿಗೇ ಬಿದ್ದಿರಲಿಲ್ಲ.

ವಿಮರ್ಶಕರು ಸರಿಯಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಲ್ಬಮ್ ಬ್ರಿಟನ್ನಿನಲ್ಲಿ 1ನೇ ಸ್ಥಾನಕ್ಕೂ ಅಮೆರಿಕದಲ್ಲಿ 6ನೇ ಸ್ಥಾನಕ್ಕೂ ಏರಿತು, ಅದೇ ಹೊತ್ತಿಗೆ ಉಬ್ಬಿಸಿದ ಸಂಗೀತ ಅಂತ ಬೈಸಿಕೊಂಡಿತು. ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರ ದೂರು ಇನ್ನೂ ನಿಖರ: ಸರಕು ಒಂದು ಎಲ್‌ಪಿಗೆ ಹೆಚ್ಚು, ಎರಡಕ್ಕೆ ಕಡಿಮೆ, ಮಿಕ್ಕಿದ ಜಾಗವನ್ನು ತುಂಬಿಸಿದ್ದು. 1974ರಲ್ಲಿ ಅವರು ಬ್ಯಾಂಡನ್ನೇ ಬಿಟ್ಟರು. ಎರಡನೇ ಮಗ್ಗುಲಿನ ಮಟ್ಟಿಗೆ ಅವರ ಮಾತು ನಿಜ, ನಾಲ್ಕನೆಯದರ ಮಟ್ಟಿಗೆ ಸುಳ್ಳು. ನಾಲ್ಕಕ್ಕೂ ಸೇರಿಸಿ ಒಂದೇ ತೀರ್ಪು ಕೊಡಲು ಹೊರಟಾಗಲೇ ಎಡವುತ್ತೇವೆ.

ಅಂದಿನ ಶ್ರೋತೃಗಳಿಗೆ ಇನ್ನೊಂದು ಅನ್ಯಾಯವೂ ಆಗಿತ್ತು. ಆಲ್ಬಮ್ ಬಂದಿದ್ದು 1973ರ ಡಿಸೆಂಬರಿನಲ್ಲಿ. ಬ್ರಿಟನ್ ಪ್ರವಾಸ ನವೆಂಬರಿನಲ್ಲೇ ಶುರು. ಹೆಚ್ಚಿನವರು ಅದುವರೆಗೆ ಕೇಳದ 80 ನಿಮಿಷದ ಸಂಗೀತವನ್ನು ವೇದಿಕೆಯಿಂದ ನೇರ ಅವರ ಮೇಲೆ ಸುರಿದರು. ಇವತ್ತು ಸ್ಟ್ರೀಮಿಂಗ್ ಮಾಡುವುದೂ ಅದನ್ನೇ. ನಾಲ್ಕು ಹಾಡು 20:25, 20:38, 18:35, 21:37, ಒಟ್ಟು 81 ನಿಮಿಷ ಚಿಲ್ಲರೆ. ಎಲ್‌ಪಿಯಲ್ಲಾದರೆ ಎದ್ದು ಹೋಗಿ ತಟ್ಟೆ ತಿರುಗಿಸಬೇಕಿತ್ತು, ಕಿವಿಗೆ ಬಿಡುವು ಸಿಗುತ್ತಿತ್ತು. ಈಗ ಒಂದು ಮುಗಿದ ಮರುಕ್ಷಣ ಇನ್ನೊಂದು ಮೇಲೆ ಬೀಳುತ್ತದೆ. ಆಟೋಪ್ಲೇ ಆಫ್ ಮಾಡಿ. ದಿನಕ್ಕೆ ಒಂದೇ ಮಗ್ಗುಲು.

ಕ್ರಮವನ್ನೂ ಬದಲಿಸಿ. ಮೊದಲು ‘ದಿ ಏನ್ಶಿಯಂಟ್’ ಹಾಡಿನ ಕೊನೆಯ ಆರು ನಿಮಿಷ ಮಾತ್ರ: ಹೌ ಅವರ ಅಕೌಸ್ಟಿಕ್ ಗಿಟಾರು, ಅದರ ಬೆನ್ನಿಗೆ ಆಂಡರ್ಸನ್ ಮೆಲುದನಿ. ಅದೇ ಹಾಡಿನ ಮೊದಲರ್ಧದ ತಾಳವಾದ್ಯ ಮತ್ತು ಸ್ಟೀಲ್ ಗಿಟಾರಿನ ಗಡಚು ಸದ್ದು ಈಗ ಬೇಡ, ಹೊಸಬರು ಓಡಿಹೋಗುವುದೇ ಅಲ್ಲಿ. ಮರುದಿನ ‘ರಿಚುಯಲ್’. ಅದರಲ್ಲಿ ಬೇರೆಲ್ಲ ಬಿಟ್ಟು ಕ್ರಿಸ್ ಸ್ಕ್ವಾಯರ್ ಬಾಸ್ ಹಿಂದೆಯೇ ಹೋಗಿ. ಮೊಬೈಲ್ ಸ್ಪೀಕರಿನಲ್ಲಿ ಅರ್ಧ ಬಾಸ್ ಕಾಣೆಯಾಗುತ್ತದೆ, ಹೆಡ್‌ಫೋನ್ ಬೇಕೇ ಬೇಕು. ಕಡೆಯಲ್ಲಿ ಅಲನ್ ವೈಟ್ ಡ್ರಮ್ಮಿನ ಗದ್ದಲವೆಲ್ಲ ತಣ್ಣಗಾಗಿ ರಾಗಮಾಲಿಕೆ ಮುಗಿದಷ್ಟು ನೆಮ್ಮದಿಯಿಂದ ಹಾಡು ಇಳಿಯುತ್ತದೆ. ಆ ಇಳಿತ ಇಷ್ಟವಾಗದಿದ್ದರೆ ಆಲ್ಬಮ್ ಬಿಡಿ, ನನ್ನ ತಕರಾರಿಲ್ಲ.

ಇಷ್ಟವಾದರೆ ಮೊದಲ ಮಗ್ಗುಲಿಗೆ ಬನ್ನಿ. 2003ರ ಮರುಬಿಡುಗಡೆಯಲ್ಲಿ ಅದರ ಆರಂಭಕ್ಕೆ ಸುಮಾರು ಎರಡು ನಿಮಿಷದ ವಾದ್ಯಭಾಗ ಸೇರಿದೆ, ಅದರೊಂದಿಗೇ ಕೇಳಿ. ಅದಿಲ್ಲದೆ ಹಾಡಿನ ಶುರುವಿನ ಪಠಣಕ್ಕೆ ನೇರ ಬಿದ್ದರೆ ಉಸಿರು ಕಟ್ಟುತ್ತದೆ. ಪಠಣದ ಸಾಲುಗಳ ಅರ್ಥ ಹುಡುಕಬೇಡಿ. ಧಾಟಿಗಳನ್ನು ಗುರುತಿಟ್ಟುಕೊಳ್ಳಿ, ಅವು ಮುಂದೆ ಬೇರೆ ವಾದ್ಯಗಳಲ್ಲಿ ಮರಳಿ ಬರುತ್ತವೆ. ವಾದ್ಯಗಳು ಒಂದರ ಮೇಲೊಂದು ಬಿದ್ದು ಕಲಸಿದಂತೆ ಅನ್ನಿಸಿದರೆ ಸ್ಟೀವನ್ ವಿಲ್ಸನ್ ಮೂಲ ಧ್ವನಿಮುದ್ರಣವನ್ನು ಹೊಸದಾಗಿ ಹೊಂದಿಸಿದ 2016ರ ಮಿಕ್ಸ್ ಹಾಕಿಕೊಳ್ಳಿ, ಪದರಗಳು ಬಿಡಿಬಿಡಿಯಾಗಿ ಕೇಳುತ್ತವೆ.

‘ದಿ ರಿಮೆಂಬರಿಂಗ್’ ಕೊನೆಗಿರಲಿ. ವೇಕ್‌ಮನ್ ಅವರ ಮೆಲೋಟ್ರಾನ್ (ಟೇಪಿನಲ್ಲಿ ಮುದ್ರಿಸಿದ ಸದ್ದು ನುಡಿಸುವ ಕೀಬೋರ್ಡ್) ಚೆನ್ನಾಗಿದೆ, ಆದರೆ ಇಪ್ಪತ್ತು ನಿಮಿಷ ತಾಳುವಷ್ಟು ಸರಕು ಅಲ್ಲಿಲ್ಲ. ಮಧ್ಯದಲ್ಲಿ ಬೇಸರ ಬಂದರೆ ನಿಲ್ಲಿಸಿ, ಮಾರನೆಯ ದಿನ ಅಲ್ಲಿಂದಲೇ ಮುಂದುವರಿಸಿ.