ಒಂದು ದಿನವೂ ಜೈಲಿಗೆ ಹೋಗಿಲ್ಲ, ಆದರೂ ಗಡೀಪಾರಾ?

ಅಮೆರಿಕದ ಕನ್ನಡಿಗರು ಹಳೇ ಪೊಲೀಸ್ ಕೇಸಿನ ಬಗ್ಗೆ ನನ್ನನ್ನು ಕೇಳುವ ಹೊತ್ತಿಗೆ ಉತ್ತರ ವಾಟ್ಸಾಪ್‌ನಲ್ಲಿ ಸಿಕ್ಕಿರುತ್ತದೆ. ನನ್ನಿಂದ ಬೇಕಾಗಿರುವುದು ಬರೀ ‘ಹೌದು’. ಈ ಸಲ ಹೌದು ಅನ್ನುವಂಥ ಪ್ರಶ್ನೆ ಒಂದೂ ಇಲ್ಲ.

ಪ್ರಶ್ನೆ: ಜಾರ್ಜಿಯಾದಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. 2013ರಲ್ಲಿ ಅಂಗಡಿ ಕಳ್ಳತನದ ಕೇಸಾಯಿತು. ವಕೀಲರ ಮಾತಿನಂತೆ ತಪ್ಪೊಪ್ಪಿಕೊಂಡೆ. 12 ತಿಂಗಳ ಶಿಕ್ಷೆ ಅಮಾನತಾಯಿತು. ತಂಗಿ ಮದುವೆಗೆ ಹಾಸನಕ್ಕೆ ಹೋಗಿ ಬರಬಹುದಲ್ವಾ?

ಉತ್ತರ: ಟಿಕೆಟ್ ಬುಕ್ ಮಾಡಬೇಡಿ. ವಾಪಸ್ ಬರುವಾಗ ಏರ್‌ಪೋರ್ಟಿನಲ್ಲೇ ಹಳೇ ಕೇಸು ಗಡೀಪಾರಿಗೆ ದಾರಿಯಾಗಬಹುದು. ಮೊದಲು ಕೋರ್ಟಿನಿಂದ ತೀರ್ಪಿನ ಪ್ರತಿ ತರಿಸಿ. ಅದರಲ್ಲಿ ‘12 ತಿಂಗಳು ಪ್ರೊಬೇಷನ್’ (ಜೈಲಿಲ್ಲದೆ ಬರೀ ನಿಗಾ) ಅಂತ ಮಾತ್ರ ಇದ್ದರೆ ಒಂದು ಕಥೆ. ‘12 ತಿಂಗಳು ಜೈಲು, ಅಮಾನತು’ ಅಂತಿದ್ದರೆ ಬೇರೆಯೇ ಕಥೆ. ವಲಸೆ ಕಾನೂನು ಅಮಾನತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಜೈಲಿನಲ್ಲಿ ಕಳೆದಷ್ಟೇ ಸಮ. ಗಡೀಪಾರಿಗೆ ಗುರಿಮಾಡುವ ಗಂಭೀರ ಅಪರಾಧಗಳಿಗೆ ವಲಸೆ ಕಾನೂನಿನಲ್ಲಿ ‘ಅಗ್ರವೇಟೆಡ್ ಫೆಲನಿ’ ಅಂತ ಹೆಸರು. 1988ರಲ್ಲಿ ಅದು ಅಂದರೆ ಕೊಲೆ, ಡ್ರಗ್ಸ್ ಸಾಗಣೆ, ಶಸ್ತ್ರ ಸಾಗಣೆ ಇಷ್ಟೇ. ಆಮೇಲೆ ಪಟ್ಟಿ ಉದ್ದವಾಗುತ್ತಾ ಹೋಯಿತು. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಕಳ್ಳತನ ಈ ಪಟ್ಟಿಗೆ ಸೇರಲು ಬೇಕಿದ್ದ ಕನಿಷ್ಠ ಶಿಕ್ಷೆಯನ್ನು 5 ವರ್ಷದಿಂದ 1 ವರ್ಷಕ್ಕೆ ಇಳಿಸಿತು. ಹಾಗಾಗಿ ರಾಜ್ಯದ ಕೋರ್ಟು ಸಣ್ಣ ಅಪರಾಧ ಎಂದದ್ದೂ ಇದರಲ್ಲಿ ಸೇರಬಹುದು. ಸೇರಿದರೆ, ಎಷ್ಟು ವರ್ಷದಿಂದ ಇಲ್ಲಿದ್ದರೂ ಗಡೀಪಾರು ರದ್ದುಮಾಡಿ ಎಂದು ಕೇಳುವ ಮುಖ್ಯ ದಾರಿ ಮುಚ್ಚಿಹೋಗುತ್ತದೆ. ಆವತ್ತು 364 ದಿನ ಕೇಳಿದ್ದರೆ ಈ ಗಂಡಾಂತರ ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ 2015ರಿಂದ ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನೇ 364 ದಿನ ಮಾಡಿದ್ದು ಸುಮ್ನೆ ಅಲ್ಲ.

ಈಗ ಶಿಕ್ಷೆ ಕಡಿಮೆ ಮಾಡಿಸಿದರೆ ಸಾಕಾ? ಸಾಲದು. ವಲಸೆ ತೊಂದರೆ ತಪ್ಪಿಸಲೆಂದೇ ಮಾಡಿಸಿದ ಬದಲಾವಣೆಯನ್ನು ವಲಸೆ ಕೋರ್ಟುಗಳು 2019ರಿಂದ ಒಪ್ಪುತ್ತಿಲ್ಲ, ಮೂಲ ಕೇಸಿನಲ್ಲೇ ದೋಷ ಇರಬೇಕು. ಗಡೀಪಾರಿನ ಅಪಾಯವನ್ನು ಕ್ರಿಮಿನಲ್ ವಕೀಲರು ಹೇಳಲೇಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ನಿಮ್ಮ ವಕೀಲರು ಹೇಳಿದ್ದರಾ? ಇಲ್ಲವಾದರೆ ಹಿಡಿಯಬೇಕಾದ ಎಳೆ ಅದೇ. ಅಲ್ಲಿಯತನಕ ಪೌರತ್ವದ ಅರ್ಜಿಯನ್ನೂ ಹಾಕಬೇಡಿ. ಬೆರಳಚ್ಚು ಕೊಟ್ಟರೆ ಹಳೇ ಕೇಸು ಎದ್ದು ಕೂರುತ್ತದೆ. ನಾನು ಜಾಸ್ತಿ ಹೆದರಿಸುತ್ತೇನೆ ಅಂತ ದೂರು ಇದೆ. ಇರಲಿ.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ. ಗ್ರೀನ್ ಕಾರ್ಡಿನವರಿಗೆ ತೊಂದರೆ ಇಲ್ಲ ತಾನೇ?

ಇದೆ. ವಲಸೆ ಕಾನೂನು ಕೇಂದ್ರದ್ದು, ರಾಜ್ಯದ ಅನುಮತಿ ಅಲ್ಲಿ ನಡೆಯುವುದಿಲ್ಲ. ಮುಟ್ಟಬೇಡಿ.

ಪ್ರಶ್ನೆ: ವಲಸೆ ಕಾನೂನಿಗೆ ಸುಧಾರಣೆ ಬರುತ್ತದಂತೆ, ಕಾಯೋಣವಾ?

2013ರಲ್ಲಿ ಸೆನೆಟ್ 68-32 ಮತಗಳಿಂದ ಪಾಸು ಮಾಡಿದ ಮಸೂದೆಯನ್ನು ಕೆಳಮನೆ ಕೈಗೂ ಎತ್ತಿಕೊಳ್ಳಲಿಲ್ಲ. 2025ರ ಜನವರಿಯಲ್ಲಿ ಬಂದ ಲೇಕನ್ ರೈಲಿ ಕಾಯ್ದೆಯ ಪ್ರಕಾರ, ದಾಖಲೆ ಇಲ್ಲದವರ ಮೇಲೆ ಅಂಗಡಿ ಕಳ್ಳತನದ ಆರೋಪ ಬಂದರೇ ಸಾಕು, ಬಂಧನದಲ್ಲಿಡಬೇಕು. ಕಾಯಿರಿ ಬೇಕಾದರೆ.

ಪ್ರಶ್ನೆ: ಕೇಸ್ ಅಳಿಸಿಕೊಡುತ್ತೇನೆ ಅಂತ ಒಬ್ಬ ನೋಟರಿ ದುಡ್ಡು ಕೇಳುತ್ತಿದ್ದಾನೆ.

ಭಾರತದಲ್ಲಿ ನೋಟರಿ ಅಂದರೆ ಸಾಮಾನ್ಯವಾಗಿ ವಕೀಲರೇ. ಇಲ್ಲಿ ಸಹಿಗೆ ಸಾಕ್ಷಿ ನಿಲ್ಲುವವರು, ಅಷ್ಟೆ. ರಾಜ್ಯದ ದಾಖಲೆಯಿಂದ ಅಳಿಸಿದ ಕೇಸನ್ನೂ ಪೌರತ್ವದ ಅರ್ಜಿಯಲ್ಲಿ ಬರೆಯಲೇಬೇಕು. ಅವನಿಗೆ ಒಂದು ಡಾಲರೂ ಕೊಡಬೇಡಿ.