'ಹೊಸಿಲು' ಕತೆ ಕಳಿಸಿದವರಿಗೆ

ಆತ್ಮೀಯರೇ,

ನಿಮ್ಮ 'ಹೊಸಿಲು' ಕತೆಯನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ತಿರುಗಿ ಬರೆದರೆ ನಿಲ್ಲುವ ಕತೆ, ಅದಕ್ಕೇ ಇಷ್ಟುದ್ದದ ಪತ್ರ. 1911ರ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್. ರಷ್ಯಾ ಕಡೆಯಿಂದ ವಲಸೆ ಬಂದ ಯಹೂದಿ ಮನೆ. ಸದಾ ಧರ್ಮಗ್ರಂಥ ಹಿಡಿದು ಕೂತ ಅಪ್ಪ, ಸದಾ ಅಳುವ ಅಮ್ಮ, ಹೆಂಗಸರ ಶರ್ಟು ಹೊಲಿಯುವ ಕಾರ್ಖಾನೆಗೆ ಹೋಗುವ ಹದಿನೇಳರ ರಾಹೆಲ್. ಒಂಬತ್ತನೇ ಪುಟದಲ್ಲಿ ಅವಳು ರಾತ್ರಿಶಾಲೆಯ ಹಟ ಹಿಡಿದು ಮನೆ ಬಿಡುತ್ತಾಳೆ, ಅಪ್ಪ ಅಂಗಿ ಹರಿದುಕೊಳ್ಳುತ್ತಾನೆ, ಹನ್ನೊಂದನೇ ಪುಟದಲ್ಲಿ ಅವಳು ದುಡಿಯುವ ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬೀಳುತ್ತದೆ.

ಬೆಂಕಿಯಿಂದಲೇ ಶುರು ಮಾಡೋಣ. ತಾರೀಕು ಮಾರ್ಚ್ 25, ಸತ್ತವರು 146 ಮಂದಿ ಎಂದು ಸರಿಯಾಗಿಯೇ ಬರೆದಿದ್ದೀರಿ. ಅವತ್ತು ಯಾವ ವಾರ ಅಂತ ನೋಡಿದ್ದೀರಾ? ಶನಿವಾರ. ಬೆಂಕಿ ಹತ್ತಿದ್ದು ಸಂಜೆ 4:40ರ ಸುಮಾರಿಗೆ. ಆ ದಿನಗಳಲ್ಲಿ ಅಲ್ಲಿ ಹೊತ್ತು ಮುಳುಗುವುದು ಆರು ದಾಟಿದ ಮೇಲೆ, ಮತ್ತು ಆಕಾಶದಲ್ಲಿ ಮೂರು ನಕ್ಷತ್ರ ಕಾಣುವ ತನಕ ಸಬ್ಬತ್, ಅಂದರೆ ಶುಕ್ರವಾರ ಸಂಜೆಗೆ ಶುರುವಾಗುವ ಯಹೂದಿಗಳ ವಿಶ್ರಾಂತಿಯ ದಿನ, ಮುಗಿಯುವುದಿಲ್ಲ. ಅಂದರೆ ಕೆಲಸ ಮುಟ್ಟಬಾರದ ದಿನವೇ ರಾಹೆಲ್ ಹೊಲಿಗೆ ಮಿಷನ್ ಮುಂದೆ ಕೂತಿದ್ದಾಳೆ. ಎಂದಿನಿಂದ ಹೀಗೆ ಹೋಗುತ್ತಿದ್ದಾಳೆ? ಅಪ್ಪನಿಗೆ ಗೊತ್ತೇ? ಗೊತ್ತಿದ್ದೂ ಆ ದುಡ್ಡಿನಲ್ಲಿ ಬಾಡಿಗೆ ಕಟ್ಟುತ್ತಾನೆಯೇ? ಕತೆ ಇರುವುದು ಇಲ್ಲಿ. ನೀವು ಅದರ ಪಕ್ಕದಲ್ಲೇ ಹಾದುಹೋಗಿ, ಜ್ವಾಲೆಯ ವರ್ಣನೆಗೆ ಒಂದೂವರೆ ಪುಟ ಸುರಿದಿದ್ದೀರಿ.

ಇನ್ನು ಆ ಅಂಗಿ. ಹರಿದುಕೊಳ್ಳುವುದು ಸಿಟ್ಟಿನ ಅಭಿನಯವಲ್ಲ, ಕೆರಿಯಾ ಎಂಬ ಸಾವಿನ ವಿಧಿ. ನಿಂತುಕೊಂಡೇ ಹರಿಯಬೇಕು. ತಂದೆ ತಾಯಿ ಸತ್ತರೆ ಎಡಗಡೆ, ಎದೆಯ ನೇರಕ್ಕೆ. ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ ಸತ್ತರೆ ಬಲಗಡೆ. ಆಮೇಲೆ ಏಳು ದಿನ 'ಶಿವಾ' ಕೂರುವುದು, ಅಂದರೆ ಮನೆಯಲ್ಲಿ ಶೋಕ ಆಚರಿಸುವುದು. (ನಮ್ಮ ಶಿವನಿಗೂ ಇದಕ್ಕೂ ಸಂಬಂಧವಿಲ್ಲ, ಹೀಬ್ರೂವಿನಲ್ಲಿ ಏಳು ಅಂತಲೇ ಅರ್ಥ.) ಬದುಕಿರುವ ಮಗಳಿಗೆ ಅಪ್ಪ ಶಿವಾ ಕೂತ ಎಂದು ಕೇಳಿಬರುವುದು ಅವಳು ಮತ ಬದಲಿಸಿದಾಗ, ಇಲ್ಲವೇ ಹೊರಗಿನವನನ್ನು ಮದುವೆಯಾದಾಗ. ರಾತ್ರಿಶಾಲೆಗೆ ಹೋದದ್ದಕ್ಕೆ ಎಂದರೆ ವಿಷಯ ಬಲ್ಲ ಓದುಗ ನಂಬುವುದಿಲ್ಲ. ಅಂಜಿಯಾ ಯೆಜಿಯೆರ್ಸ್ಕಾ ಅವರ 1925ರ 'ಬ್ರೆಡ್ ಗಿವರ್ಸ್' ಕಾದಂಬರಿಯಲ್ಲಿ ಇದೇ ವಿಧಿ ಬರುತ್ತದೆ. ಅಮ್ಮನ ಶವಸಂಸ್ಕಾರದಲ್ಲಿ ಮಗಳು ಬಟ್ಟೆ ಹರಿಸಿಕೊಳ್ಳಲು ಒಪ್ಪುವುದಿಲ್ಲ; ಕೆಲಸಕ್ಕೆ ಹಾಕಿಕೊಂಡು ಹೋಗಲು ಇರುವುದು ಅದೊಂದೇ ಎನ್ನುತ್ತಾಳೆ. ನೆರೆದವರು ಬೆಚ್ಚಿಬೀಳುತ್ತಾರೆ. ಅವಳಿಗೆ ಅಮ್ಮನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಬಟ್ಟೆ ಎರಡಿಲ್ಲ. ನಿಮ್ಮ ರಾಹೆಲ್ ನಾಲ್ಕು ಪುಟ ಮಾಡುವ ಭಾಷಣ ಅಲ್ಲಿ ಒಂದು ಉಡುಪಿನಲ್ಲಿ ಮುಗಿದಿದೆ.

ಅಡುಗೆಮನೆಯಲ್ಲಿ ತಪ್ಪು ಹೆಚ್ಚು. ಕೋಷರ್ ಎನ್ನುವುದನ್ನು ನೀವು 'ಮಡಿ' ಮಾಡಿದ್ದೀರಿ. 'ಅಮ್ಮ ಮಡಿಯಲ್ಲಿ ಕೋಳಿ ಸಾರು ಕುದಿಸಿದಳು' ಎಂಬ ವಾಕ್ಯಕ್ಕೆ ಕನ್ನಡದ ಓದುಗ ನಕ್ಕುಬಿಡುತ್ತಾನೆ. ಮಡಿ ಉಟ್ಟವರಿಗೆ ಸೇರಿದ್ದು, ಮುಟ್ಟಿದರೆ ಕೆಡುತ್ತದೆ. ಕೋಷರ್ ಎಂದರೆ ಆ ಪದಾರ್ಥ ತಿನ್ನಲು ತಕ್ಕದ್ದು ಎಂದು. ಪದವನ್ನು ಹಾಗೆಯೇ ಬಿಡಿ, ಕೆಲಸ ತೋರಿಸಿ: ಕೋಳಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಹಾಕಿ, ದಪ್ಪ ಉಪ್ಪು ಸವರಿ, ರಕ್ತ ಬಸಿಯಲೆಂದು ಓರೆ ಹಲಗೆಯ ಮೇಲೆ ಒಂದು ಗಂಟೆ ಇಟ್ಟು, ಮೂರು ಸಲ ತೊಳೆಯುತ್ತಾರೆ. ಇಷ್ಟೆಲ್ಲ ಆದ ಕೋಳಿಗೆ ನಿಮ್ಮ ಅಮ್ಮ ಕೊನೆಯಲ್ಲಿ ಒಂದು ಚಮಚ ಬೆಣ್ಣೆ ಹಾಕುತ್ತಾಳೆ! ಮಾಂಸಕ್ಕೆ ಹಾಲಿನದು ಸೇರಿದರೆ ಸಾರಷ್ಟೇ ಅಲ್ಲ, ಪಾತ್ರೆಯೂ ಹೋಯಿತು. ಬೇಕಾದದ್ದು ಶ್ಮಾಲ್ಟ್ಸ್, ಈರುಳ್ಳಿ ಜತೆ ಕರಗಿಸಿದ ಕೋಳಿ ಕೊಬ್ಬು. ಮೇಣದಬತ್ತಿಯನ್ನೂ ಕತ್ತಲಾದ ಮೇಲೆ ಹಚ್ಚಿಸಿದ್ದೀರಿ. ಶುಕ್ರವಾರ ಸೂರ್ಯ ಮುಳುಗಲು 18 ನಿಮಿಷ ಇರುವಾಗಲೇ ಹಚ್ಚುವುದು ವಾಡಿಕೆ. ಮುಳುಗಿದ ಮೇಲೆ ಬೆಂಕಿ ಹೊತ್ತಿಸುವುದೇ ನಿಷೇಧ. ಮದುವೆಯಾಗದ ರಾಹೆಲ್‌ಗೆ ವಿಗ್ ಬೇಡ, ತಲೆ ಮುಚ್ಚುವುದು ಮದುವೆಯಾದವರು.

ಈ ವಿವರ ಪಾಂಡಿತ್ಯ ಮೆರೆಸಲು ಅಲ್ಲ. ಮನೆಯ ನೇಮವನ್ನು ದಿನದಿನವೂ ನಡೆಸುತ್ತಿದ್ದವಳು ಅಮ್ಮ. ಹಳೆಯ ಊರಿನಲ್ಲಿ ಗಂಡ ಓದುತ್ತ ಕೂತರೆ ಹೆಂಡತಿ ಅಂಗಡಿ ನಡೆಸಿ ಸಾಕುವುದು ಆ ಮನೆಗೆ ಗೌರವವಾಗಿತ್ತು. ನ್ಯೂಯಾರ್ಕಿನಲ್ಲಿ ಆ ಗೌರವ ಕರಗಿತು, ಭಾರ ಹೆಣ್ಣುಮಕ್ಕಳ ಮೇಲೆ ಬಿತ್ತು. ಅಪ್ಪ ದುಷ್ಟನಾಗಬೇಕಿಲ್ಲ; ತನ್ನ ಬೆಲೆ ಎಲ್ಲಿ ಹೋಯಿತೆಂದು ತಿಳಿಯದವನಾದರೆ ಸಾಕು. ಅಮ್ಮ ಬರೀ ಅಳುವುದನ್ನು ಮೊದಲು ನಿಲ್ಲಿಸಿ. ವ್ಯಾಪಾರ ಬಲ್ಲ ಹೆಂಗಸು ಅವಳು.

ಸಂಬಳದ ಲೆಕ್ಕವೂ ತಪ್ಪಿದೆ. ತಿಂಗಳಿಗೆ ನೂರು ಡಾಲರ್ ಅಲ್ಲ. ಕೊಡುತ್ತಿದ್ದದ್ದು ವಾರಕ್ಕೆ, ಹೊಸ ಹುಡುಗಿಗೆ ಆರು ಡಾಲರ್ ಸಿಕ್ಕರೆ ಹೆಚ್ಚು. ಎಷ್ಟೋ ಕಡೆ ಸೂಜಿ ದಾರದ ದುಡ್ಡನ್ನೂ ಅದರಲ್ಲೇ ಹಿಡಿಯುತ್ತಿದ್ದರು. ಸಂಬಳದ ಲಕೋಟೆಯನ್ನು ಒಡೆಯದೆ ತಂದು ಅಮ್ಮನ ಕೈಗಿಡುವುದು ಎಷ್ಟೋ ಮನೆಗಳ ರೂಢಿ. ಮೂರನೇ ಪುಟದಲ್ಲಿ ರಾಹೆಲ್ ಕೊಳ್ಳುವ ಗರಿಯ ಟೋಪಿ ಚೆನ್ನಾಗಿದೆ, ಉಳಿಸಿಕೊಳ್ಳಿ. ಆದರೆ ಅದನ್ನು ಕೊಳ್ಳಬೇಕಾದರೆ ಅವಳು ಒಂದು ವಾರ ಲಕೋಟೆಯನ್ನು ಮೆಟ್ಟಿಲ ಮೇಲೆಯೇ ಒಡೆದಿರಬೇಕು. ಒಡೆದ ಅಂಚನ್ನು ಮೊದಲು ನೋಡುವವಳು ಅಮ್ಮ.

ಬಾಗಿಲು ದಡಾರನೆ ಹಾಕಿಕೊಂಡು ಹೋಗುವ ದೃಶ್ಯ ತೆಗೆಯಿರಿ. ಬೆಂಕಿಯನ್ನೂ ಸದ್ಯ ಪಕ್ಕಕ್ಕಿಡಿ. ಅದಕ್ಕಿಂತ ಕೆಲವು ವಾರ ಮುಂಚಿನ ಒಂದು ಶುಕ್ರವಾರ ಸಂಜೆ ಬರೆಯಿರಿ: ಮೂರು ಕೋಣೆಯ ಮನೆ, ಮೇಜಿನ ಮೇಲೆ ಬತ್ತಿ, ಒಡೆದ ಲಕೋಟೆ, ನಾಳೆಯೂ ಕೆಲಸವಿದೆ ಎಂದು ಇನ್ನೂ ಹೇಳದ ಮಗಳು. 800 ಪದ ಮೀರಬೇಡಿ. ಅದನ್ನಷ್ಟೇ ಮೊದಲು ಕಳಿಸಿ, ಉಳಿದದ್ದು ಆಮೇಲೆ ನೋಡೋಣ.

— ಸಂಪಾದಕರು