ಹಬ್ಬದ ಹಿಂದಿನ ದಿನ ನಿಮ್ಮದಾಗಲಿ

ಪ್ರಶ್ನೆ: ದೊಡ್ಡವಳಿಗೆ ನಾಲ್ಕೂವರೆ ವರ್ಷ, ಚಿಕ್ಕವನಿಗೆ ಇಪ್ಪತ್ತು ತಿಂಗಳು. ಹಬ್ಬದ ರಜೆ ಬಂದರೆ ಅತ್ತೆಯ ಮನೆಗೆ ಹೋಗುತ್ತೇವೆ, ಅಲ್ಲಿ ಎಲ್ಲವೂ ಅವರ ಕ್ರಮದಲ್ಲೇ ನಡೆಯುತ್ತದೆ. ಮಕ್ಕಳಿಗೆ ನಮ್ಮದೇ ಒಂದು ಪದ್ಧತಿ ಇರಲಿ ಎಂದು ಕಳೆದ ವರ್ಷ ಕಾಗದದ ಅಲಂಕಾರ, ಬ್ಯಾಟರಿ ದೀಪದ ಸರ, ಇಬ್ಬರಿಗೂ ಒಂದೇ ಬಣ್ಣದ ಬಟ್ಟೆ, ಅಂಗೈ ಗುರುತು ಎಂದೆಲ್ಲ ಹಚ್ಚಿಕೊಂಡೆ. ಸಂಜೆ ಆರೂವರೆಗೆ ಶುರುಮಾಡಿದರೆ ಏಳಕ್ಕೆ ಇಬ್ಬರೂ ಅಳುತ್ತಿದ್ದರು, ನಾನು ರೇಗಾಡುತ್ತಿದ್ದೆ. "ಈ ವಯಸ್ಸಲ್ಲಿ ಅವಕ್ಕೇನು ನೆನಪಿರುತ್ತೆ, ಬಿಡು" ಅಂತಾರೆ ನಮ್ಮ ಯಜಮಾನರು. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಆದರೆ ಆ ನಾಲ್ಕರಲ್ಲಿ ಮೂರನ್ನು ಬಿಡಿ.

ಯಜಮಾನರ ಮಾತು ಅರ್ಧ ನಿಜ. ಮೂರು, ಮೂರೂವರೆ ವರ್ಷಕ್ಕೆ ಮುಂಚೆ ನಡೆದದ್ದು ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಚಿಕ್ಕವನಿಗೆ ಈ ವರ್ಷದ ಹಬ್ಬ ಉಳಿಯದು. ಮಗಳದ್ದು ಬೇರೆ ಲೆಕ್ಕ. ಅವಳ ವಯಸ್ಸಿನ ನೆನಪು ಉಳಿಯಬಹುದು. ಅದರಲ್ಲೂ ಮನೆಯವರು ಆಮೇಲೂ ಅದರ ಮಾತೆತ್ತುತ್ತಿದ್ದರೆ ಗಟ್ಟಿಯಾಗುತ್ತದೆ. "ಚೆನ್ನಾಗಿತ್ತಲ್ವಾ?" ಎಂದು ಕೇಳಿದರೆ "ಹೂಂ" ಅಂದು ಓಡುತ್ತಾಳೆ. "ಅಂಗೈ ಗುರುತು ಹಾಕುವಾಗ ತಮ್ಮ ಏನು ಮಾಡ್ದ? ಆಮೇಲೆ?" ಎಂದರೆ ಅವಳೇ ಹೇಳಿಕೊಂಡು ಹೋಗುತ್ತಾಳೆ.

ಕಳೆದ ವರ್ಷ ಕೈಕೊಟ್ಟದ್ದು ಮಕ್ಕಳಲ್ಲ, ಆ ಹೊತ್ತು. ಇಪ್ಪತ್ತು ತಿಂಗಳ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ನಿಮ್ಮ ಮಗಳಿಗೆ 10ರಿಂದ 13. ನೆಂಟರು ತುಂಬಿದ ಮನೆಯಲ್ಲಿ ಮೊದಲು ಹಾಳಾಗುವುದೇ ಮಧ್ಯಾಹ್ನದ ನಿದ್ದೆ. ಆಮೇಲೆ ಸಂಜೆ ಆರೂವರೆಗೆ ಹೊಸ ಬಟ್ಟೆ ಚುಚ್ಚುತ್ತಾ "ಇಲ್ಲಿ ನೋಡು, ನಗು" ಅಂದರೆ ಯಾವ ಮಗು ನಕ್ಕೀತು? ಮಧ್ಯಾಹ್ನ ಮಲಗಿ ಎದ್ದು, ಹೊಟ್ಟೆಗೆ ಏನಾದರೂ ಬಿದ್ದು, ಅರ್ಧ ಗಂಟೆ ಕಳೆದ ಹೊತ್ತನ್ನು ಹಿಡಿಯಿರಿ. ಅದೂ ಹಬ್ಬದ ಹಿಂದಿನ ದಿನ. ಹಬ್ಬದ ದಿನ ಅತ್ತೆಯದಾಗಿಯೇ ಇರಲಿ, ಅದಕ್ಕೆ ಜಗ್ಗಾಡಿ ನಿಮಗೇನೂ ಸಿಗುವುದಿಲ್ಲ. ಒಟ್ಟು ಇಪ್ಪತ್ತು ನಿಮಿಷ ಸಾಕು, ಚಿಕ್ಕವನಿಗೆ ಅದರಲ್ಲಿ ಐದೇ. ಅವನು ನಡುವೆ ಎದ್ದು ಹೋದರೆ ಹೋಗಲಿ, ಎಳೆದು ತರಬೇಡಿ.

ಯಾವುದನ್ನು ಉಳಿಸಿಕೊಳ್ಳುವುದು? ಮನೆಯಲ್ಲಿ ಒಬ್ಬರಿಗೆ ಜ್ವರ, ಕೈಯಲ್ಲಿ ದುಡ್ಡಿಲ್ಲ, ಊರು ಬದಲಾಗಿದೆ ಎಂದಿಟ್ಟುಕೊಳ್ಳಿ. ಆಗಲೂ ಮಾಡಲು ಆಗುವಂಥದ್ದನ್ನು ಮಾತ್ರ ಶುರುಮಾಡಿ. ನಾಲ್ಕು ವರ್ಷದ ಮಗುವಿಗೆ ಒಂದು ಕೆಲಸವನ್ನು ಎರಡು ಸಲ ಮಾಡಿದರೆ "ನಾವು ಯಾವಾಗ್ಲೂ ಹೀಗೇ ಮಾಡೋದು" ಆಗಿಬಿಡುತ್ತದೆ, ಮೂರನೇ ಸಲ ತಪ್ಪಿಸಿದರೆ ರಂಪ. ನಿಮ್ಮ ಪಟ್ಟಿಯಲ್ಲಿ ಈ ಪರೀಕ್ಷೆ ಪಾಸಾಗುವುದು ಅಂಗೈ ಗುರುತು ಒಂದೇ.

ಅದಕ್ಕೆ ಬಣ್ಣ ಬೇಡ. ಅದು ಅಂಗೈಯಿಂದ ಬಾಯಿಗೆ, ಬಾಯಿಂದ ಬಟ್ಟೆಗೆ ಹೋಗುತ್ತದೆ, ಮುಷ್ಟಿ ಬಿಗಿದರೆ ಕಾಗದದ ಮೇಲೆ ಬರೀ ಕಲೆ. ಪೆನ್ಸಿಲ್‌ನಿಂದ ಸುತ್ತಗೆರೆ ಎಳೆಯಿರಿ. ಪೆನ್ಸಿಲ್ ನೆಟ್ಟಗಿರಲಿ, ಒಳಕ್ಕೆ ವಾಲಿದರೆ ಬೆರಳು ಸಣಕಲಾಗುತ್ತವೆ, ಹೊರಕ್ಕೆ ವಾಲಿದರೆ ದಪ್ಪ, ಮುಂದಿನ ವರ್ಷ ಹೋಲಿಸಿದರೆ ಲೆಕ್ಕ ಸಿಗುವುದಿಲ್ಲ. ಹಾಳೆಯ ನಾಲ್ಕು ಮೂಲೆಗೂ ಟೇಪ್ ಅಂಟಿಸಿ, ಪ್ರತಿ ವರ್ಷ ಎಡಗೈಯನ್ನೇ ಇಡಿಸಿ. ಮಗು ಮುಷ್ಟಿ ಬಿಗಿದರೆ ಬೆರಳನ್ನು ಬಲವಂತವಾಗಿ ಬಿಡಿಸದೆ ಅಂಗೈಯ ಹಿಂಬದಿ ಮೆಲ್ಲನೆ ಸವರಿ, ತಾನಾಗಿ ಸಡಿಲಿಸುತ್ತದೆ. ಕಿರುಬೆರಳ ಕಡೆಯಿಂದ ಶುರುಮಾಡಿ ಹೆಬ್ಬೆರಳನ್ನು ಕೊನೆಗೆ ಬಿಡಿ, ಹೆಚ್ಚು ಅಲುಗಾಡುವುದು ಅದೇ. ಹೆಸರು, ವಯಸ್ಸು, ತಾರೀಖನ್ನೂ ಪೆನ್ಸಿಲ್‌ನಲ್ಲೇ ಬರೆಯಿರಿ. ಸ್ಕೆಚ್ ಪೆನ್ನಿನ ಶಾಯಿ ಬೆಳಕಿಗೆ ಮಾಸುತ್ತದೆ, ಸೀಸದ ಗೆರೆ ಮಾಸುವುದಿಲ್ಲ. ಅಪ್ಪ ಅಮ್ಮನ ಕೈಯ ಗೆರೆಯೂ ಅದೇ ಹಾಳೆಯಲ್ಲಿರಲಿ. ನಿಮ್ಮ ಕೈಗೆ ಗೆರೆ ಎಳೆಯುವ ಕೆಲಸ ಮಗಳದ್ದು. ಸೊಟ್ಟ ಬಂದರೆ ತಿದ್ದಬೇಡಿ.

ಹಾಳೆಗಳನ್ನು ಒಂದು ರಟ್ಟಿನ ಡಬ್ಬದಲ್ಲಿಡಿ. ಮುಂದಿನ ವರ್ಷ ಮೊದಲು ಡಬ್ಬ ತೆರೆಯುವುದು, ಹಳೆಯದರ ಮೇಲೆ ಕೈಯಿಟ್ಟು ನೋಡುವುದು, ಆಮೇಲೆ ಹೊಸದು. ಈ ಕ್ರಮ ಮಾತ್ರ ಬದಲಾಗಬಾರದು. ಡಬ್ಬ ಇಳಿಸುವುದು, ಟೇಪ್ ಹಚ್ಚುವುದು, ಚಿಕ್ಕವನ ಗೆರೆ ಎಳೆಯುವುದು ಯಜಮಾನರ ಪಾಲಿಗಿರಲಿ. "ಸ್ವಲ್ಪ ಸಹಾಯ ಮಾಡಿ" ಎಂದು ಕರೆದರೆ ಅದು ನಿಮ್ಮ ಕೆಲಸವಾಗಿಯೇ ಉಳಿಯುತ್ತದೆ. ಅತ್ತೆಯವರನ್ನೂ ಕೂರಿಸಿಕೊಂಡು "ನೀವೂ ಒಂದು ಕೈ ಇಡಿ" ಅನ್ನಿ. ನೀವು ಅವರ ಕ್ರಮಕ್ಕೆ ಎದುರಾಗಿ ಏನೋ ಹೂಡುತ್ತಿದ್ದೀರಿ ಎಂಬ ಅನುಮಾನ ಅಲ್ಲಿಗೆ ಕಳೆಯುತ್ತದೆ.

ನೆಂಟರು ಉಡುಗೊರೆ ತಂದೇ ತರುತ್ತಾರೆ, ಎಲ್ಲವನ್ನೂ ಒಂದೇ ದಿನ ಬಿಚ್ಚಿಸಬೇಡಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 16 ಆಟಿಕೆ ಮುಂದಿಟ್ಟಾಗಿನದಕ್ಕಿಂತ ನಾಲ್ಕೇ ಇಟ್ಟಾಗ ಪುಟ್ಟ ಮಕ್ಕಳು ಒಂದೊಂದರ ಜತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು.

ಮಗಳು ಕಾಗದದ ಅಲಂಕಾರವನ್ನು ನೆನಪಿಟ್ಟುಕೊಂಡು ಕೇಳಿದರೆ? ಹಬ್ಬಕ್ಕೆ ಏಳು ದಿನ ಇರುವಾಗ ಏಳು ಉಂಗುರಗಳ ಕಾಗದದ ಸರಪಳಿ ಮಾಡಿಕೊಡಿ, ದಿನಕ್ಕೊಂದು ಹರಿಯಲಿ. ತಿಂಗಳ ಸರಪಳಿ ಬೇಡ, ಮೂವತ್ತು ದಿನ ಅಂದರೆ ಎಷ್ಟು ದೂರ ಎಂಬುದು ಈ ವಯಸ್ಸಿಗೆ ನಿಲುಕುವುದಿಲ್ಲ.

ಆ ದೀಪದ ಸರದ ಬ್ಯಾಟರಿ ಡಬ್ಬಿಯನ್ನು ಇವತ್ತೇ ನೋಡಿ. ಗುಂಡಗಿನ ನಾಣ್ಯದಂಥ ಸೆಲ್ ಇದ್ದು, ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಸರವನ್ನು ಮನೆಯಲ್ಲಿಡಬೇಡಿ. ನುಂಗಿದ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.